ಡಬ್ಬಿಯ ಎದುರು ಮಲಗಿದ್ದ ಕಪ್ಪು ಪೈಪಿನವರಿಗೆ

ರಾಷ್ಟ್ರೀಯ ಹೆದ್ದಾರಿ ಹದಿನೇಳಕ್ಕೆ ಅಡ್ಡಲಾಗಿ, ನಮ್ಮೂರ ಜುಮಾದಿ ದೈವದ ಕಾಣಿಕೆ ಡಬ್ಬಿಗೆ ಸರಿ ಎದುರಾಗಿ, ಎರಡೂ ಬದಿಗೆ ಮೊಳೆ ಹೊಡೆಸಿಕೊಂಡು ವಾಹನಗಳ ಲೆಕ್ಕ ಹಾಕುತ್ತಾ ಒಂದು ವಾರ ಮಲಗಿ ಎದ್ದುಹೋದ ಶ್ರೀ ಕಪ್ಪು ರಬ್ಬರ್ ಪೈಪಿನವರಿಗೂ, ಒಂದು ಮಾರು ಆಚೆ ಮಲಗಿದ್ದ ಅವರ ಜೋಡಿಯವರಿಗೂ, ಕಾಪು ಕಡೆಯ ಬೇಬಿ ಪೂಜಾರ್ತಿ ಭಯಭಕ್ತಿಯಿಂದ ಮಾಡುವ ನಮಸ್ಕಾರಗಳು. ತಮ್ಮ ತಲೆ ಯಾವುದು ಪಾದ ಯಾವುದು ಎಂದು ಗೊತ್ತಾಗದ ಕಾರಣ ಎರಡೂ ತುದಿಗೆ ನಮಸ್ಕರಿಸಿದ್ದೇನೆ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮ್ಮ ಹೊಟ್ಟೆ ಈ ತುದಿಯಿಂದ ಆ ತುದಿಯವರೆಗೆ ಟೊಳ್ಳೇ ಆಗಿರುವುದರಿಂದ ಜಾಗಕ್ಕೆ ತೊಂದರೆ ಇರಲಾರದು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಒಂದು ವಾರ ಹಗಲೂ ರಾತ್ರಿ ಬಸ್ಸು, ಲಾರಿ, ಮೀನಿನ ಟೆಂಪೊ, ಮದುವೆ ದಿಬ್ಬಣದ ವ್ಯಾನುಗಳೆಲ್ಲ ಮೈಮೇಲೆ ಹೋದರೂ ಒಂದು ಸಲವೂ 'ಅಯ್ಯೋ' ಎನ್ನದೆ, ಬರೀ 'ಟಪ್ ಟಪ್' ಎಂದು ಸುಮ್ಮನಾದ ತಮ್ಮ ತಾಳ್ಮೆಯನ್ನು ನಾನು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಾ ಕೇಳಿಸಿಕೊಂಡವಳು. ಇತ್ತ ನಾನೂ ದೇವರ ದಯೆಯಿಂದ ಸೌಖ್ಯ. ಮೊಣಗಂಟಿನ ನೋವು ಒಂದು ಬಿಟ್ಟರೆ ಹೇಳಿಕೊಳ್ಳುವಂಥದ್ದು ಎಂತದೂ ಇಲ್ಲ.

ಇಷ್ಟು ದೊಡ್ಡವರಿಗೆ ಊರ ಶಾಲೆಯಲ್ಲಿ ಏಳನೆಯವರೆಗೆ ಮಾತ್ರ ಓದಿದ ಹೆಂಗಸೊಬ್ಬಳು ನೇರವಾಗಿ ಪತ್ರ ಬರೆಯುವುದು ಸರಿಯೇ ಎಂದು ತಮಗೆ ಅನಿಸಬಹುದು. ನಾನು ಮೊದಲು ಪಂಚಾಯಿತಿಗೆ ಬರೆದೆ, ಅವರು ರಸ್ತೆ ನಮ್ಮದಲ್ಲ ಎಂದರು. ರಸ್ತೆ ಯಾರದೋ ಅವರಿಗೆ ಬರೆದೆ, ಅವರು ಸರ್ವೆ ಆಗಲಿ ಎಂದರು. ಸರ್ವೆಯೂ ಆಗಿ, ಅದರಲ್ಲಿ ಹೊರಟ ತೀರ್ಮಾನವನ್ನು ಓದಿ ತಲೆ ತಿರುಗಿದ ಮೇಲೆ, ಉಡುಪಿಯ ಬನ್ನಂಜೆಯಲ್ಲಿ ಬಾಡಿಗೆಗೆ ಇರುವ ಸರ್ವೆ ಕಚೇರಿಗೆ ಬಸ್ಸು ಹತ್ತಿ ಹೋದೆ. ಅಲ್ಲಿ ಸುಕೇಶ್ ಎಂಬ ಇಂಜಿನಿಯರ್ ಇದ್ದಾರೆ, ಕಾರ್ಕಳದ ಕಡೆಯವರು, ಕುರ್ಚಿ ಎಳೆದು ಕೊಟ್ಟು ನೀರು ಬೇಕಾ ಎಂದು ಕೇಳುವಷ್ಟು ಒಳ್ಳೆಯವರು. ಎಲ್ಲ ಕೇಳಿಸಿಕೊಂಡು ಅವರು, ಅಮ್ಮಾ, ನಿಮ್ಮ ಕಷ್ಟ ನನಗೆ ಅರ್ಥ ಆಗ್ತದೆ, ಆದರೆ ನಾನು ಹೇಳುವುದು ಎಂತ ಉಂಟು, ಡೇಟಾ ಎಂತ ಹೇಳ್ತದೋ ಅದು, ಎಂದರು. ಹಾಗಾದರೆ ಆ ಡೇಟಾ ಅವರು ಯಾವ ಕೋಣೆಯಲ್ಲಿ ಕೂರುತ್ತಾರೆ, ಊಟಕ್ಕೆ ಹೋಗಿದ್ದರೆ ಕಾಯುತ್ತೇನೆ ಎಂದೆ. ಅವರು ಪಾಪ, ನಗು ತಡೆದುಕೊಂಡು, ಕೋಣೆಯ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ್ದ ತಮ್ಮ ಕಡೆಗೆ ಕೈ ತೋರಿಸಿದರು. ಹೀಗೆ ಹೆದ್ದಾರಿಯ ವಿಷಯದಲ್ಲಿ ಮಾತು ನಡೆಯುವುದು ಯಾರದೆಂದು ತಿಳಿದ ಮೇಲೆ ನಡುವಿನವರಿಗೆ ಯಾಕೆ ತೊಂದರೆ ಕೊಡುವುದು ಎಂದು ತಮಗೇ ಬರೆಯುತ್ತಿದ್ದೇನೆ.

ತಾವು ಒಂದೇ ಕಡೆ ಮಲಗಿದ್ದವರಾದ್ದರಿಂದ ನಮ್ಮ ಊರನ್ನು ಪೂರ್ತಿ ನೋಡಿರಲಾರಿರಿ. ಕಾಪುವಿಗೂ ಉಡುಪಿಗೂ ನಡುವೆ ನಮ್ಮ ಬಸ್ ಸ್ಟಾಪು ಉಂಟು. ಅದಕ್ಕೆ ಸರಕಾರ ಇಟ್ಟ ಹೆಸರು ಇಲ್ಲ. ಹೆದ್ದಾರಿಯ ಬದಿಯಲ್ಲಿ ಜುಮಾದಿಯ ಗುಡಿ, ಗುಡಿಯ ಮುಂದೆ ರಸ್ತೆಗೆ ತಾಗಿ ಕಬ್ಬಿಣದ ಕಾಣಿಕೆ ಡಬ್ಬಿ. ಅದಕ್ಕೆ ಕಂಡಕ್ಟರುಗಳು 'ಡಬ್ಬಿ, ಡಬ್ಬಿ, ಡಬ್ಬಿ ಯಾರು' ಎಂದು ಕೂಗುತ್ತಾರೆ, ನಾವು ಇಳಿಯುತ್ತೇವೆ. ನಮ್ಮ ಮದುವೆ ಕಾಗದಗಳಲ್ಲಿಯೂ ವಿಳಾಸ 'ಡಬ್ಬಿಯ ಹತ್ತಿರ' ಎಂದೇ. ಗುಡಿಗೆ ತಾಗಿದ ಮನೆಯವರೂ ಡಬ್ಬಿಯ ಹತ್ತಿರ, ಗದ್ದೆ ದಾಟಿ ಮನೆ ಕಟ್ಟಿದವರೂ ಡಬ್ಬಿಯ ಹತ್ತಿರ, ಸಮುದ್ರದ ಅಲೆಯ ಸದ್ದು ಕೇಳುವಲ್ಲಿ ಇರುವ ನನ್ನ ತಂಗಿಯೂ ಡಬ್ಬಿಯ ಹತ್ತಿರವೇ. ಗುಡಿಯಿಂದ ಕಾಪುವಿನ ಕಡೆಗೆ ಒಂದು ಕೂಗು ದೂರ ಹೋದರೆ ರಸ್ತೆ ಪಡುವಣಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ಆಚೆ ಬದಿ ಶಾಲೆ, ಈಚೆ ಬದಿ ನಮ್ಮ ಮನೆಗಳು. ನಮ್ಮ ಮಕ್ಕಳು ರಸ್ತೆ ದಾಟುವುದು ಅಲ್ಲಿ. ಆ ತಿರುವಿಗೆ ಬೇರೆ ಹೆಸರು ಇಟ್ಟವರಿಲ್ಲ. ಅದೂ ಡಬ್ಬಿಯೇ.

ಇನ್ನು ಈ ಡಬ್ಬಿಯ ಎದುರು ನಡೆಯುವ ಕ್ರಮ. ಕಾಣಿಕೆ ಹಾಕದೆ ಇಲ್ಲಿಂದ ಮುಂದೆ ಹೋಗುವ ವಾಹನ ಇಲ್ಲ. ಲಾರಿಯವರು ಗೇರು ಇಳಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ ನಾಣ್ಯ ಎಸೆದು ಹಣೆಗೆ ಕೈ ಮುಟ್ಟಿಸುತ್ತಾರೆ. ಬಸ್ಸಿನ ಕಂಡಕ್ಟರು ಓಡುವ ಬಸ್ಸಿನಿಂದಲೇ ಇಳಿದು, ಹಾಕಿ, ಹಿಂದಿನ ಬಾಗಿಲಿನಿಂದ ಹತ್ತುತ್ತಾನೆ. ಚಿಲ್ಲರೆ ಇಲ್ಲದ ಸ್ಕೂಟರಿನವರು ಕೂಡ ನಿಧಾನ ಮಾಡಿ ತಲೆಯಾದರೂ ಬಗ್ಗಿಸುತ್ತಾರೆ. ಆದರೆ ಮಾನ್ಯರೇ, ಕಾಣಿಕೆ ಬಿದ್ದ ಸದ್ದು ಕೇಳಿದ ಕೂಡಲೇ ಡ್ರೈವರನ ಮನಸ್ಸು ಹಗುರಾಗಿ ಕಾಲು ಭಾರವಾಗುತ್ತದೆ. ಮುಂದಿನ ಜವಾಬ್ದಾರಿ ದೈವದ್ದು ಎಂದು ಅವನಿಗೆ ಧೈರ್ಯ, ಹಿಂದೆ ಬರುವ ಬಸ್ಸಿನವನಿಗೆ ಮುಂದಿನ ಸ್ಟಾಪಿನ ಜನ ಸಿಗಬಾರದು ಎಂದು ಅವಸರ. ಹೀಗೆ ಉಡುಪಿಯಿಂದ ಬರುವವರಿಗೆ ಭಕ್ತಿ ಮುಗಿದ ಮೇಲೆ ತಿರುವು, ಮಂಗಳೂರಿನಿಂದ ಬರುವವರಿಗೆ ತಿರುವು ಮುಗಿದ ಮೇಲೆ ಭಕ್ತಿ. ತಿರುವಿನಲ್ಲಿ ಮಾತ್ರ ಇಬ್ಬರಿಗೂ ಎಂತದೂ ಇಲ್ಲ.

ಆ ತಿರುವಿನಲ್ಲಿ ನಮ್ಮ ಮಕ್ಕಳನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ರಸ್ತೆ ದಾಟಿಸುತ್ತಿದ್ದವರು ವೆರೊನಿಕಾ ಬಾಯಿ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವರದು. ದಾಟಿಸುವ ಕೆಲಸವನ್ನು ಅವರಿಗೆ ಯಾರೂ ಕೊಟ್ಟದ್ದಲ್ಲ. ಸೌಟು ಹಿಡಿದ ಕೈಯನ್ನೇ ಎತ್ತಿ ನಿಲ್ಲಿಸಿ, ನಿಲ್ಲಾ ಮಾರಾಯ, ನಿನ್ನ ಬಸ್ಸಿಗೆ ಎಂತ ಬೆಂಕಿ ಬಿದ್ದಿದೆಯಾ, ಎಂದು ಬೈದು ಬಸ್ಸು ನಿಲ್ಲಿಸುತ್ತಿದ್ದರು. ಕಳೆದ ಆಗಸ್ಟಿನ ಒಂದು ಸೋಮವಾರ ಅವರು ಎರಡು ಮಕ್ಕಳ ಕೈ ಹಿಡಿದುಕೊಂಡಿದ್ದರು. ಒಂದು ಕೈ ನನ್ನ ಮೊಮ್ಮಗಳು ಆಶ್ರಿತಾಳದ್ದು. ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಅವರು ಮಕ್ಕಳಿಬ್ಬರನ್ನೂ ಹಿಂದಕ್ಕೆ ನೂಕಿದರು. ಹಿಂದಕ್ಕೆ ಸರಿಯಲು ಅವರಿಗೆ ಸಮಯ ಸಾಲಲಿಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ತೊಡೆಗೆ ಕಬ್ಬಿಣದ ಸರಳು ಹಾಕಿದರು. ಈಗ ಕೋಲು ಹಿಡಿದು ಒಲೆಯ ಮುಂದೆ ನಿಲ್ಲುತ್ತಾರೆ, ರಸ್ತೆಗೆ ಬರಲು ಆಗುವುದಿಲ್ಲ. ಮಕ್ಕಳನ್ನು ದಾಟಿಸುವುದು ಈಗ ನಾನು, ನನ್ನ ಈ ಮೊಣಗಂಟು ಕಟ್ಟಿಕೊಂಡು. ಆಶ್ರಿತಾ ನನ್ನ ಕೈ ಹಿಡಿಯುವುದಿಲ್ಲ, ಸೆರಗು ಹಿಡಿಯುತ್ತಾಳೆ. ಯಾಕೆ ಎಂದರೆ, ಕೈ ಹಿಡಿದರೆ ನೀವು ನನ್ನನ್ನು ನೂಕಿಬಿಡ್ತೀರಿ ಅಜ್ಜಿ, ಎನ್ನುತ್ತಾಳೆ. ಇದರಲ್ಲಿ ತಮಾಷೆ ಎಂತದೂ ಇಲ್ಲದ ಕಾರಣ ಮುಂದಕ್ಕೆ ಹೋಗುತ್ತೇನೆ.

ಆ ದಿನ ಪೊಲೀಸಿನವರು ಬಂದು ಎಲ್ಲಿ ಆದದ್ದು ಎಂದು ಕೇಳಿದರು. ನಾವೆಲ್ಲ ಒಂದೇ ಬಾಯಲ್ಲಿ ಡಬ್ಬಿಯ ಹತ್ತಿರ ಎಂದೆವು. ನಮಗೆ ಬೇರೆ ಹೇಳಲು ಗೊತ್ತೇ ಇಲ್ಲ. ಅವರು 'ಕಾಣಿಕೆ ಡಬ್ಬಿಯ ಹತ್ತಿರ' ಎಂದು ಬರೆದುಕೊಂಡರು. ಅದರ ಹಿಂದಿನ ವರ್ಷ ಆ ತಿರುವಿನಲ್ಲಿ ಸೈಕಲಿನವರು ಬಿದ್ದಾಗಲೂ, ಮೀನಿನ ಟೆಂಪೊ ಮಗುಚಿ ರಸ್ತೆಯ ತುಂಬ ಬಂಗುಡೆ ಹರಡಿದಾಗಲೂ ನಾವು ಹಾಗೇ ಹೇಳಿದ್ದು, ಅವರು ಹಾಗೇ ಬರೆದದ್ದು. ಬರೆದವರದ್ದೂ ತಪ್ಪಿಲ್ಲ, ಹೇಳಿದವರದ್ದೂ ತಪ್ಪಿಲ್ಲ. ಮುಂದೆ ಆದದ್ದು ಹೀಗೆ ತಪ್ಪಿಲ್ಲದವರೆಲ್ಲ ಸೇರಿ ಮಾಡಿದ ಕೆಲಸ.

ಶಾಲೆಯ ತಿರುವಿಗೆ ಎರಡು ಹಂಪ್ಸ್ ಹಾಕಿಕೊಡಿ ಎಂದು ನಾವು ಅರ್ಜಿ ಕೊಟ್ಟೆವು. ರಾಷ್ಟ್ರೀಯ ಹೆದ್ದಾರಿಗೆ ಕೇಳಿದವರಿಗೆಲ್ಲ ಹಂಪ್ಸ್ ಹಾಕಲು ಆಗುವುದಿಲ್ಲವಂತೆ, ಮಾಹಿತಿ ಸಂಗ್ರಹ ಆಗಬೇಕಂತೆ. ಹೆದ್ದಾರಿಯ ಸುರಕ್ಷತೆಗೆ ಮಾಹಿತಿಯನ್ನು ಯಾವ ಪದ್ಧತಿಯಲ್ಲಿ ಸಂಗ್ರಹಿಸಿದರೆ ಒಳ್ಳೆಯದು ಎಂದು ಹೋಲಿಸಿ ನೋಡುವ ಯೋಜನೆಯೇ ಒಂದು ಬಂದಿದೆಯಂತೆ, ನಮ್ಮ ಅರ್ಜಿಯ ಅದೃಷ್ಟಕ್ಕೆ ನಮ್ಮ ಡಬ್ಬಿ ಸ್ಟಾಪನ್ನೇ ಅದಕ್ಕೆ ಆರಿಸಿದ್ದಾರಂತೆ. ಮನುಷ್ಯರು ಕೂತು ಲೆಕ್ಕ ಹಾಕುವುದು ಒಂದು ಪದ್ಧತಿ, ತಾವು ಮಲಗಿ ಲೆಕ್ಕ ಹಾಕುವುದು ಇನ್ನೊಂದು, ತಲೆಯ ಮೇಲೆ ಕ್ಯಾಮರಾ ಹೊತ್ತ ವ್ಯಾನು ಓಡುತ್ತಾ ಚಿತ್ರ ತೆಗೆಯುವುದು ಮೂರನೆಯದು. ಇಷ್ಟು ಜನ ನಮ್ಮ ಮಕ್ಕಳಿಗೋಸ್ಕರ ಬರುತ್ತಾರೆ ಎಂದು ಕೇಳಿ ನಾನು ಆ ಮಂಗಳವಾರ ಕಾಪುವಿನ ದೇವಿಗೆ ಒಂದು ಮಲ್ಲಿಗೆ ಚೆಂಡು ಹೆಚ್ಚು ಕೊಟ್ಟೆ.

ಮೊದಲು ಬಂದವರು ಬಸಯ್ಯ. ಬಾಗಲಕೋಟೆಯ ಕಡೆಯವರು, ಇಲ್ಲಿ ಕಟ್ಟಡದ ಕೆಲಸಕ್ಕೆಂದು ಬಂದವರನ್ನು ದಿನಗೂಲಿಗೆ ಕರೆತಂದು ತಿರುವಿನಲ್ಲಿ ಕೊಡೆಯ ಕೆಳಗೆ ಕೂರಿಸಿದ್ದರು. ಹೋದ ವಾಹನಕ್ಕೆ ಒಂದೊಂದು ಗೀಟು ಎಳೆಯುವುದು ಅವರ ಕೆಲಸ. ಬಸ್ಸಿಗೆ ಬೇರೆ, ಲಾರಿಗೆ ಬೇರೆ, ಎತ್ತಿನ ಗಾಡಿಗೆ ಕೂಡ ಬೇರೆ ಸಾಲು ಇತ್ತು. ನಮ್ಮಲ್ಲಿ ಎತ್ತಿನ ಗಾಡಿ ಕಾಣದೆ ಎಷ್ಟು ಕಾಲವಾಯಿತೋ, ಆದರೂ ಬಂದರೆ ಬರಲಿ ಎಂದು ಇಟ್ಟಿದ್ದರು. ಹನ್ನೆರಡು ಮಕ್ಕಳನ್ನು ತುಂಬಿಕೊಂಡು ಹೋದ ಆಟೋರಿಕ್ಷಾಕ್ಕೂ ಒಂದೇ ಗೀಟು. ರಸ್ತೆ ದಾಟುವ ಮಕ್ಕಳನ್ನು ಎಲ್ಲಿ ಬರೆಯುತ್ತೀರಿ ಅಣ್ಣಾ ಎಂದು ನಾನು ಚಾ ಕೊಡುತ್ತಾ ಕೇಳಿದ್ದಕ್ಕೆ ಅವರು ಹಾಳೆಯನ್ನು ಆಚೆ ಈಚೆ ತಿರುಗಿಸಿ ನೋಡಿ, ಇದರಾಗ ಮನಶ್ಯಾರಿಗೆ ಜಾಗಾನ ಇಲ್ಲರೀ ಅಮ್ಮಾರ, ಬೇಕಾದ್ರ ಎತ್ತಿನ ಗಾಡ್ಯಾಗ ಹಾಕ್ಲೇನ್ರಿ, ಎಂದರು. ನಮ್ಮ ಮಕ್ಕಳು ಎತ್ತಿನ ಗಾಡಿಯಾದರೂ ಆಗಲಿ, ಲೆಕ್ಕಕ್ಕೆ ಬರಲಿ ಎಂದು ನಾನು ಒಪ್ಪಿದೆ. ಮಧ್ಯಾಹ್ನ ನೆರಳು ಗುಡಿಯ ಕಡೆಗೆ ಸರಿಯಿತು, ಬಸಯ್ಯನವರ ಕೊಡೆಯೂ ಅದರ ಹಿಂದೆ ಹೋಯಿತು. ಊಟದ ಮೇಲೆ ಗುಡಿಯ ಕಟ್ಟೆಗೆ ಒರಗಿದವರು ಗೊರಕೆ ಹೊಡೆದದ್ದನ್ನು ನಾನು ನೋಡಿದ್ದರೂ ದೂರುವುದಿಲ್ಲ, ಆ ಬಿಸಿಲಲ್ಲಿ ಯಾರಿಗಾದರೂ ನಿದ್ದೆ ಬರುತ್ತದೆ. ಸಂಜೆ ಎದ್ದು ಒಂದು ಅಂದಾಜಿಗೆ ಗೀಟು ಎಳೆದರು. ಸುಕೇಶರು ಮರುದಿನ ಅದನ್ನು ನೋಡಿ, ಈ ಊರಲ್ಲಿ ಇಷ್ಟು ಎತ್ತಿನ ಗಾಡಿ ಉಂಟಾ, ಎಂದು ಆಶ್ಚರ್ಯಪಟ್ಟರು.

ಆಮೇಲೆ ತಾವು ಬಂದಿರಿ. ತಮ್ಮನ್ನು ತಂದವರು ಮೊದಲು ತಿರುವಿನಲ್ಲಿಯೇ ಇಳಿಸಿದ್ದು. ಆ ಹೊತ್ತಿಗೆ ಗುಡಿಯ ಆಡಳಿತ ನೋಡುವ ಅಣ್ಣು ಭಾವ, ನನ್ನ ಗಂಡನ ಅಣ್ಣ, ಬಂದರು. ಅವರಿಗೆ ಯಾವ ಹೊಸ ಕೆಲಸ ಕಂಡರೂ ಕಣ್ಣಲ್ಲಿ ನೀರು ಬರುವಷ್ಟು ಸಂತೋಷ. ಮಕ್ಕಳ ಒಳ್ಳೆಯದಕ್ಕೆ ಮಾಡುವ ಕೆಲಸ ಅಲ್ವಾ ಮಾರಾಯ್ರೆ, ಇದನ್ನು ಮೂಲೆಯಲ್ಲಿ ಮಾಡುವುದು ಎಂತದಕ್ಕೆ, ದೈವದ ಎದುರಿನಿಂದಲೇ ಶುರುವಾಗಲಿ, ಎಂದರು. ತಂದವರಿಗೂ ಅದು ಸರಿ ಕಂಡಿತು. ಅಲ್ಲಿ ನೆರಳಿತ್ತು, ತಮ್ಮ ತುದಿಗೆ ಜೋಡಿಸುವ ಲೆಕ್ಕದ ಪೆಟ್ಟಿಗೆಯನ್ನು ಸರಪಳಿ ಹಾಕಿ ಕಟ್ಟಲು ತೆಂಗಿನಮರವಿತ್ತು, ಮೇಲಿಂದ ಎಳನೀರೂ ಸಿಕ್ಕಿತು. ಹೀಗೆ ಇಡೀ ಹೆದ್ದಾರಿಯಲ್ಲಿ ಎಲ್ಲ ವಾಹನಗಳೂ ತಾವಾಗಿ ನಿಧಾನವಾಗುವ ಒಂದೇ ಒಂದು ಜಾಗವನ್ನು ಹುಡುಕಿ, ವಾಹನಗಳು ಎಷ್ಟು ಜೋರಾಗಿ ಹೋಗುತ್ತವೆ ಎಂದು ನೋಡಲು ತಮ್ಮನ್ನು ಮಲಗಿಸಲಾಯಿತು. ಅಣ್ಣು ಭಾವ ಕಾಯಿ ಒಡೆದರು. ಒಂದು ದಾಸವಾಳ ಇಟ್ಟವಳು ನಾನೇ.

ಮೊದಲ ದಿನ ಡ್ರೈವರುಗಳು ತಮ್ಮನ್ನು ಹಾವೆಂದು ತಿಳಿದು ನಿಧಾನ ಮಾಡಿದರು. ಎರಡನೆಯ ದಿನ ಟೆಲಿಫೋನಿನ ಕೇಬಲು ಎಂದರು. ಮೂರನೆಯ ದಿನದಿಂದ ತಮ್ಮನ್ನು ಕೇಳುವವರಿಲ್ಲ. ಡಬ್ಬಿಗೆ ಮಾತ್ರ ಏಳೂ ದಿನ ನಿಧಾನ ಮಾಡಿದರು. ತಾವು ಎಂತ ಮಾಡಿದಿರಿ ಎಂದರೆ, ದೈವಕ್ಕೆ ಸಂದ ಮರ್ಯಾದೆಯನ್ನೆಲ್ಲ ತಮ್ಮ ಹೊಟ್ಟೆಯೊಳಗೆ ತುಂಬಿಸಿಕೊಂಡು ಹೋಗಿ ಬನ್ನಂಜೆಯಲ್ಲಿ ಕಕ್ಕಿದಿರಿ. ಈ ಸ್ಥಳದಲ್ಲಿ ವಾಹನಗಳು ಗಂಟೆಗೆ ಹದಿನೆಂಟು ಕಿಲೋಮೀಟರಿಗಿಂತ ಹೆಚ್ಚು ಹೋಗುವುದಿಲ್ಲ ಎಂದು ತಮ್ಮ ವರದಿ. ಅಷ್ಟು ನಿಧಾನಕ್ಕೆ ಹೋಗುವುದು ನಮ್ಮಲ್ಲಿ ಮೆರವಣಿಗೆ ಮಾತ್ರ. ಹೆಬ್ರಿಯ ಘಾಟಿನಲ್ಲಿ ಭಾರ ಹೊತ್ತು ಹತ್ತುವ ಲಾರಿ ಕೂಡ ಇದನ್ನು ಕೇಳಿದರೆ ನಾಚಿಕೊಳ್ಳಬೇಕು.

ಕೊನೆಗೆ ಬಂದದ್ದು ವ್ಯಾನು. ರಸ್ತೆಯ ಬದಿಯಲ್ಲಿರುವ ಹುಲ್ಲುಕಡ್ಡಿಯನ್ನೂ ಬಿಡದೆ ಅದು ಚಿತ್ರ ತೆಗೆಯುತ್ತದೆ ಎಂದು ಸುಕೇಶರು ಹೇಳಿದ್ದರಿಂದ ನಾವು ಮಕ್ಕಳಿಗೆಲ್ಲ ತಲೆ ಬಾಚಿ, ಇಸ್ತ್ರಿ ಹಾಕಿದ ಯೂನಿಫಾರ್ಮು ಹಾಕಿಸಿ, ಸೋಮವಾರದಿಂದ ಶನಿವಾರದವರೆಗೆ ಕಾಯಿಸಿದೆವು. ವ್ಯಾನು ಭಾನುವಾರ ಬಂತು. ತಿರುವಿನಲ್ಲಿ ಗಾಳಿಯ ಹಾಗೆ ಹೋಯಿತು, ಶಾಲೆಯ ಗೇಟು ಮುಚ್ಚಿತ್ತು, ಅಂಗಳದಲ್ಲಿ ಯಾರದೋ ದನ ಒಂದು ಇತ್ತು. ವ್ಯಾನಿನ ಚಿತ್ರದಲ್ಲಿ ನಮ್ಮ ಶಾಲೆ ಈಗ ದೊಡ್ಡಿ ಎಂದು ನಮೂದಾಗಿದೆ. ಆದರೆ ವ್ಯಾನಿನ ಡ್ರೈವರು ನಮ್ಮ ಕಡೆಯವರೇ ಆದ್ದರಿಂದ ಡಬ್ಬಿಯ ಎದುರು ನಿಲ್ಲಿಸಿ, ಇಳಿದು, ಕಾಣಿಕೆ ಹಾಕಿ, ಪ್ರಸಾದದ ಗಂಧ ಹಚ್ಚಿಕೊಂಡು ಹೋದರು. ಅಷ್ಟು ಹೊತ್ತು ಕ್ಯಾಮರಾ ಡಬ್ಬಿಯನ್ನೇ ನೋಡುತ್ತಾ ನಿಂತಿತ್ತು. ಸುಕೇಶರು ಹೇಳಿದರು, ಇಡೀ ರಸ್ತೆಯ ಚಿತ್ರ ಓಡುತ್ತಾ ಬಂದು ಅಲ್ಲಿ ಮಾತ್ರ ನಿಂತುಬಿಡ್ತದೆ ಅಮ್ಮಾ, ಮೆಶಿನು ಹಾಳಾಗಿದೆ ಎಂದು ನಾವು ಎರಡು ಸಲ ಬಿಚ್ಚಿ ನೋಡಿದೆವು. ಮಂಗಳೂರಿನಿಂದ ಕುಂದಾಪುರದವರೆಗಿನ ಅಷ್ಟೂ ಚಿತ್ರದಲ್ಲಿ ಬೀಗದ ತೂತು ಕೂಡ ಸ್ಪಷ್ಟವಾಗಿ ಕಾಣುವುದು ನಮ್ಮ ಡಬ್ಬಿಯದ್ದು ಮಾತ್ರವಂತೆ. ಇದು ದೈವದ ಮಹಿಮೆ, ಕಾರಣಿಕ ಎಂದು ಅಣ್ಣು ಭಾವ ಎಲ್ಲರಿಗೂ ಹೇಳಿಕೊಂಡು ಬಂದರು.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಮೂರು ಪದ್ಧತಿಗಳನ್ನೂ, ಅವುಗಳ ಪಕ್ಕದಲ್ಲಿ ಪೊಲೀಸಿನವರು ಬರೆದದ್ದನ್ನೂ ಇಟ್ಟು ಹೋಲಿಸಿ ಒಂದು ತೀರ್ಮಾನ ಕಳಿಸಿದ್ದಾರೆ. ಸದರಿ ಸ್ಥಳದಲ್ಲಿ ವಾಹನಗಳ ವೇಗ ಅತ್ಯಂತ ಕಡಿಮೆ ಇರುವುದರಿಂದ ಹಂಪ್ಸಿನ ಅಗತ್ಯ ಇರುವುದಿಲ್ಲ. ಸದರಿ ಸ್ಥಳದಲ್ಲಿ ಪಾದಚಾರಿಗಳು ಕಂಡುಬಂದಿರುವುದಿಲ್ಲ. ಆದರೆ ಅಪಘಾತಗಳೆಲ್ಲವೂ ಕಾಣಿಕೆ ಡಬ್ಬಿಯ ಹತ್ತಿರವೇ ಆಗಿರುವುದರಿಂದಲೂ, ವಾಹನಗಳು ಹಠಾತ್ತಾಗಿ ನಿಧಾನಗೊಳ್ಳಲು ಸದರಿ ಡಬ್ಬಿಯೇ ಕಾರಣವಾಗಿರುವುದರಿಂದಲೂ, ಸದರಿ ಡಬ್ಬಿಯನ್ನು ಸದರಿ ಸ್ಥಳದಿಂದ ತೆರವುಗೊಳಿಸತಕ್ಕದ್ದು. ಇದನ್ನು ಗುಡಿಯ ಕಟ್ಟೆಯ ಮೇಲೆ ಓದಿದಾಗ ವೆರೊನಿಕಾ ಬಾಯಿ ಕೋಲಿನ ಮೇಲೆ ಗಲ್ಲ ಇಟ್ಟುಕೊಂಡು ಕೇಳಿಸಿಕೊಂಡರು. ಕೊನೆಗೆ, ಹಾಗಾದರೆ ನನಗೆ ಗುದ್ದಿದ್ದು ಡಬ್ಬಿಯಾ ಬೇಬಕ್ಕಾ, ನಾನು ಇಷ್ಟು ದಿನ ಸುಮ್ಮನೆ ಆ ಬಸ್ಸಿನವನನ್ನು ಶಪಿಸಿದೆನಲ್ಲ, ಇನ್ನು ಇಗರ್ಜಿಗೆ ಹೋಗಿ ತಪ್ಪೊಪ್ಪಿಗೆ ಮಾಡಬೇಕು, ಎಂದರು.

ನಾನು ಬನ್ನಂಜೆಗೆ ಹೋದದ್ದು ಈ ಕಾಗದ ಹಿಡಿದುಕೊಂಡೇ. ಡಬ್ಬಿ ಎಂದರೆ ಡಬ್ಬಿ ಮಾತ್ರ ಅಲ್ಲ, ನಾವು ಸ್ಟಾಪಿಗೂ ತಿರುವಿಗೂ ಹಾಗೇ ಹೇಳುವುದು, ಗುದ್ದುವುದು ತಿರುವಿನಲ್ಲಿ, ನೀವು ನೋಡಿದ್ದು ಗುಡಿಯ ಎದುರು, ಎಂದು ಸುಕೇಶರಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅವರು ತಲೆ ಕೆರೆದುಕೊಂಡು, ನೀವು ಹೇಳುವುದು ಸರಿ ಇರಬಹುದು ಅಮ್ಮಾ, ಆದರೆ ಮೂರು ಪದ್ಧತಿಯಲ್ಲಿ ನೋಡಿದರೂ ಒಂದೇ ಉತ್ತರ ಬಂದಿದೆಯಲ್ಲ, ಎಂದರು. ಒಂದೇ ಕಟ್ಟೆಯ ಮೇಲೆ ಒಂದೇ ಕಡೆಗೆ ಮುಖ ಮಾಡಿ ಕೂತ ಮೂರು ಜನ ಬೇರೆ ಬೇರೆ ನೋಡುವುದು ಹೇಗೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ತಮ್ಮನ್ನು ತೋರಿಸಿಬಿಟ್ಟರು.

ಆದ್ದರಿಂದ ಮಾನ್ಯರೇ, ನನ್ನ ವಿನಂತಿ ಇಷ್ಟು. ತಾವು ಹೇಗೂ ಮಲಗುವ ಜಾತಿಯವರು. ಎದ್ದು ನಡೆಯಿರಿ ಎಂದು ಕೇಳುವಷ್ಟು ಅಧಿಕಪ್ರಸಂಗಿ ನಾನಲ್ಲ. ನಮ್ಮಲ್ಲಿ ಹರಕೆ ಹೊತ್ತವರು ದೇವಸ್ಥಾನದ ಸುತ್ತ ಉರುಳು ಸೇವೆ ಮಾಡುವುದು ಉಂಟು. ತಾವು ಒಂದು ದಿನ, ಶಾಲೆ ಇರುವ ದಿನ ನೋಡಿ, ಡಬ್ಬಿಯ ಎದುರಿನಿಂದ ತಿರುವಿನವರೆಗೆ ಉರುಳಿಕೊಂಡು ಬಂದು ನಮ್ಮ ಮನೆಯ ಎದುರು ಒಂದು ಗಳಿಗೆ ಮಲಗಬೇಕು. ಬಸ್ಸು ಮೈಮೇಲೆ ಹೋದ ಕೂಡಲೇ ತಮಗೆ ವ್ಯತ್ಯಾಸ ಗೊತ್ತಾಗುತ್ತದೆ. ತಮ್ಮ ಬೆನ್ನಿಗೆ ಹಚ್ಚಲು ಎಣ್ಣೆ ಕಾಯಿಸಿ ಇಟ್ಟಿರುತ್ತೇನೆ. ಉರುಳಲು ಸೊಂಟ ಬಗ್ಗದಿದ್ದರೆ, ತಿರುವನ್ನೇ ತಮ್ಮಿರುವಲ್ಲಿಗೆ ತರಿಸಿಕೊಳ್ಳಬೇಕು. ತಮ್ಮ ಮಾತಿಗೆ ಇಷ್ಟು ದೊಡ್ಡ ಡಬ್ಬಿಯನ್ನು ಏಳಿಸಲು ಹೊರಟವರು ತಿರುವನ್ನು ಸರಿಸಲು ಹಿಂಜರಿಯಲಾರರು. ಅದೂ ಆಗದಿದ್ದರೆ ನಮ್ಮ ಮಕ್ಕಳನ್ನು ತಾವೇ ಎತ್ತಿನ ಗಾಡಿಗಳೆಂದು ಮಂಜೂರು ಮಾಡಿಸಿಕೊಟ್ಟರೂ ಸಾಕು. ಆಶ್ರಿತಾಳ ಕೊರಳಿಗೆ ನಾನೇ ಗಂಟೆ ಕಟ್ಟುತ್ತೇನೆ.

ಎಲ್ಲ ಬಿಟ್ಟು ಡಬ್ಬಿಯನ್ನು ತೆಗೆಯುವುದೇ ಸರಿ ಎಂದು ತಮಗೆ ಕಂಡರೆ ಆ ಸ್ಥಾನಕ್ಕೆ ತಾವೇ ಬಂದು ಕೂರಬೇಕು. ಯಾರಾದರೂ ಒಬ್ಬರು ವಾಹನ ನಿಧಾನ ಮಾಡಿಸುವವರು ಬೇಕಲ್ಲ. ದೈವಕ್ಕೆ ಮಾಡಿಸುವ ಹಾಗೆ ತಮಗೆ ಬೆಳ್ಳಿಯ ಮುಖ ಮಾಡಿಸುವಷ್ಟು ಶಕ್ತಿ ನಮಗಿಲ್ಲ, ಹೂವು ನೀರು ತಪ್ಪಿಸುವುದಿಲ್ಲ. ಆದರೆ ತಮ್ಮ ಮೇಲಿನ ಭಯ ಎರಡೇ ದಿನಕ್ಕೆ ಇಳಿದುಹೋದದ್ದನ್ನು ಕಣ್ಣಾರೆ ಕಂಡವಳಾದ್ದರಿಂದ, ಅಣ್ಣು ಭಾವನ ಹತ್ತಿರ ಕೂತು ಒಂದು ತಿಂಗಳು ದೈವತ್ವದ ಅಭ್ಯಾಸ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಜುಮಾದಿ ವಾಹನ ಲೆಕ್ಕ ಹಾಕುವುದಿಲ್ಲ, ಹೋದವರನ್ನು ಕಾಪಾಡುತ್ತದೆ. ತಾವು ಲೆಕ್ಕ ಹಾಕುತ್ತೀರಿ, ಉಳಿದದ್ದಕ್ಕೆ ತಾವು ಜವಾಬ್ದಾರರಲ್ಲ. ಈ ಎರಡು ಪದ್ಧತಿಗಳನ್ನು ಕೂಡ ಯಾರಾದರೂ ಒಮ್ಮೆ ಹೋಲಿಸಿ ನೋಡಿದ್ದರೆ ಚೆನ್ನಾಗಿತ್ತು.

ತಮ್ಮ ಅಮೂಲ್ಯವಾದ ಸುರುಳಿಯನ್ನು ಬಿಚ್ಚಿ ಈ ಪತ್ರವನ್ನು ಪೂರ್ತಿ ಓದಿದ್ದಕ್ಕೆ ಋಣಿ. ಬಾಯಿ ಒಣಗಿದ್ದರೆ ನಮ್ಮಲ್ಲಿಗೆ ಬನ್ನಿ, ಬೆಲ್ಲ ನೀರು ಕೊಡುತ್ತೇನೆ, ಒಂದು ತುದಿಯಿಂದ ಹೊಯ್ದರೆ ಇನ್ನೊಂದು ತುದಿಗೆ ತಲುಪುವವರೆಗೆ ಕಾಯುತ್ತೇನೆ.

ತಮ್ಮ ಮೇಲೆ ಇಲಾಖೆಯವರಿಗೆ ಇರುವಷ್ಟೇ ವಿಶ್ವಾಸ ಇಟ್ಟುಕೊಳ್ಳಲು ಪ್ರಯತ್ನಿಸುತ್ತಿರುವ
ತಮ್ಮ ವಿಶ್ವಾಸಿ,
ಬೇಬಿ ಪೂಜಾರ್ತಿ
ಡಬ್ಬಿಯ ಹತ್ತಿರ (ಎಂದರೆ ತಿರುವಿನಲ್ಲಿ), ಕಾಪು ದಾರಿ

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಅಣ್ಣು ಭಾವನಿಗೆ ಓದಲು ಕೊಟ್ಟಿದ್ದೆ. ಅವರು ಆ ತೀರ್ಮಾನದ ಕಾಗದವನ್ನೂ ತರಿಸಿಕೊಂಡು, 'ಸದರಿ ಸ್ಥಳದಿಂದ' ಎಂಬಲ್ಲಿ ಬೆರಳಿಟ್ಟು, ಬೇಬೀ, ಇದರಲ್ಲಿ ಈ ಜಾಗದಿಂದ ತೆಗೆಯಿರಿ ಎಂದು ಮಾತ್ರ ಉಂಟು, ಬೇರೆ ಕಡೆ ಇಡಬೇಡಿ ಎಂದು ಎಲ್ಲಿಯೂ ಇಲ್ಲವಲ್ಲ, ಎಂದರು. ಸಂಕ್ರಮಣದ ದಿನ ದೈವ ಮೈಮೇಲೆ ಬರುವ ದರ್ಶನದಲ್ಲಿ, ಡಬ್ಬಿಯನ್ನು ಎಲ್ಲಿ ಇಡುವುದು ಎಂದು ಊರವರೆಲ್ಲ ಕೈ ಮುಗಿದು ಕೇಳಿದೆವು. ಡಬ್ಬಿ ನಿಮ್ಮದು, ಮಕ್ಕಳು ನನ್ನವು, ಅವರು ದಾಟುವಲ್ಲಿ ಇಡಿ, ಎಂದು ಅಪ್ಪಣೆಯಾಯಿತು. ಸರಕಾರದ ಆದೇಶವನ್ನೂ ದೈವದ ಅಪ್ಪಣೆಯನ್ನೂ ಒಂದೇ ದಿನ ಪಾಲಿಸುವ ಭಾಗ್ಯ ಎಲ್ಲ ಊರಿಗೂ ಸಿಗುವುದಿಲ್ಲ.

ಡಬ್ಬಿ ಈಗ ತಿರುವಿನಲ್ಲಿ, ಶಾಲೆಯ ಗೇಟಿನ ಎದುರು ಉಂಟು. ಮೊದಲ ನಾಣ್ಯ ಹಾಕಿದವರು ವೆರೊನಿಕಾ ಬಾಯಿ, ಯೇಸುವಿಗೆ ಹೇಳಿಯೇ ಬಂದಿದ್ದೇನೆ ಎನ್ನುತ್ತಾ. ಬಸ್ಸುಗಳು ಅಲ್ಲಿ ಗೇರು ಇಳಿಸುತ್ತವೆ, ಕಂಡಕ್ಟರು ಇಳಿದು ಕಾಣಿಕೆ ಹಾಕುವಷ್ಟು ಹೊತ್ತಿನಲ್ಲಿ ನಮ್ಮ ಮಕ್ಕಳು ದಾಟಿ ಮುಗಿಯುತ್ತದೆ. ನಿನ್ನೆ ಆಶ್ರಿತಾ ನನ್ನ ಸೆರಗು ಬಿಟ್ಟು ಕೈ ಹಿಡಿದಳು. ಪೊಲೀಸಿನವರು ಬರೆದದ್ದೂ ಈಗ ಸರಿಯಾಯಿತು, ತಿರುವೇ ಡಬ್ಬಿಯ ಹತ್ತಿರವಾಯಿತು. ಮೊನ್ನೆ ಸುಕೇಶರ ಜೀಪು ಕೂಡ ಅಲ್ಲಿ ನಿಧಾನವಾಯಿತು. ಅವರು ಆಚೆ ಮುಖ ಮಾಡಿಕೊಂಡಿದ್ದರೂ ಕೈ ಹ್ಯಾಗೋ ಹಣೆಗೆ ಹೋದದ್ದನ್ನು ನಾನು ಜಗಲಿಯಿಂದ ನೋಡಿದೆ.

ಆದ್ದರಿಂದ ಮೇಲೆ ಕೇಳಿದ ಉರುಳು ಸೇವೆಯನ್ನು ತಾವು ಕೃಪೆಯಿಟ್ಟು ಬಿಟ್ಟುಬಿಡಬೇಕು. ತಾವು ಬಂದು ತಿರುವಿನಲ್ಲಿ ಮಲಗಿದರೆ ಅಲ್ಲಿಯೂ ವೇಗ ಹದಿನೆಂಟೇ ಎಂದು ಬನ್ನಂಜೆಗೆ ಹೋಗಿ ಹೇಳುತ್ತೀರಿ, ಅವರು ಡಬ್ಬಿಯನ್ನು ಇನ್ನೊಮ್ಮೆ ತೆಗೆಸುತ್ತಾರೆ. ತಾವು ಮಲಗಿದಲ್ಲಿಯೇ ಸುಖವಾಗಿ ಮಲಗಿರಿ.